ಮಗುವಿನ ತಿಳಿವಿಗೊಂದು ನಕ್ಷೆ

ಪರೀಕ್ಷೆಯಲ್ಲಿ ಸರಿಯುತ್ತರ ಬರೆದ ವಿದ್ಯಾರ್ಥಿಗೆ ಪಾಠ ಅರ್ಥವಾಗಿದೆಯೇ ಅಥವಾ ಆತ ಉರು ಹೊಡೆದು ಬಂದಿದ್ದಾನೆಯೇ? ಉತ್ತರ ಪತ್ರಿಕೆ ನೋಡಿ ಇದನ್ನು ಹೇಳುವುದು ಕಷ್ಟ. ಓದಿದ್ದನ್ನು ನೆನಪಿಡುವ ಉಪಾಯವೆಂದು ಇಂದು ಅನೇಕರು ಬಳಸುವ 'ಪರಿಕಲ್ಪನಾ ನಕ್ಷೆ'ಯ ಮೂಲ ಈ ಹಳೆಯ ತೊಡಕಿನಲ್ಲಿದೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಮತ್ತು ಸಂಗಡಿಗರು 1970ರ ದಶಕದ ಆರಂಭದಲ್ಲಿ ಒಂದು, ಎರಡನೇ ತರಗತಿಯ ಮಕ್ಕಳಿಗೆ ಧ್ವನಿಸುರುಳಿಗಳ ನೆರವಿನಿಂದ ವಿಜ್ಞಾನದ ಮೂಲ ಪಾಠಗಳನ್ನು ಹೇಳಿಕೊಟ್ಟರು. ಆ ಮಕ್ಕಳು ಹನ್ನೆರಡನೇ ತರಗತಿ ಮುಟ್ಟುವವರೆಗೂ ಅವರ ತಿಳಿವಳಿಕೆಯ ಜಾಡು ಹಿಡಿದು ಹೋಗುವುದು ಉದ್ದೇಶ. ಸಂದರ್ಶನಗಳ ದಾಖಲೆ ರಾಶಿ ಬಿತ್ತು. ಅಷ್ಟು ಪುಟಗಳಲ್ಲಿ ಮಗುವಿನ ವಿಚಾರ ಎಲ್ಲಿ ಬದಲಾಯಿತೆಂದು ಗುರುತಿಸುವುದು ಹೇಗೆ? 1972ರಲ್ಲಿ ಅವರು ಕಂಡುಕೊಂಡ ದಾರಿಯೆಂದರೆ ಮಗು ಹೇಳಿದ್ದನ್ನು ಒಂದು ಹಾಳೆಯ ಚಿತ್ರವಾಗಿಸುವುದು.

ಮನಶ್ಶಾಸ್ತ್ರಜ್ಞ ಡೇವಿಡ್ ಆಸುಬೆಲ್ 1960ರ ದಶಕದಲ್ಲಿ ಮಂಡಿಸಿದ ವಿಚಾರ ಇದಕ್ಕೆ ಆಧಾರ. ಹೊಸ ಸಂಗತಿ ಮೊದಲೇ ತಿಳಿದಿರುವುದರ ಜತೆ ಹೆಣೆದುಕೊಂಡರೆ ಮಾತ್ರ ಅರ್ಥಪೂರ್ಣ ಕಲಿಕೆ; ಇಲ್ಲದಿದ್ದರೆ ಅದು ಬರೀ ಬಾಯಿಪಾಠ.

ನಕ್ಷೆಯ ರಚನೆ ಸರಳ. ವಿಶಾಲ ಪರಿಕಲ್ಪನೆ ಮೇಲೆ, ಅದರ ಕವಲುಗಳು ಕೆಳಗೆ, ನಡುವೆ ಗೆರೆಗಳು. ಗೆರೆಯ ಮೇಲೆ ಬರೆಯುವ ಪದವೇ ಇದರ ಜೀವಾಳ. 'ಕಂಬಳಿ ಬೆಚ್ಚಗಿಡುತ್ತದೆ' ಎಂದು ಬರೆದ ಮಗುವಿಗೆ ಪೂರ್ಣ ಅಂಕ ಸಿಗುತ್ತದೆ. ಅದೇ ಮಗು ನಕ್ಷೆಯಲ್ಲಿ 'ಕಂಬಳಿ', 'ಶಾಖ' ಎಂಬ ಪದಗಳ ನಡುವೆ 'ಉಂಟುಮಾಡುತ್ತದೆ' ಎಂದು ಬರೆದರೆ? ಕಂಬಳಿ ಮೈಯ ಶಾಖವನ್ನು ಹಿಡಿದಿಡುತ್ತದೆಯೇ ಹೊರತು ಉಂಟುಮಾಡುವುದಿಲ್ಲ. ಅಂಕದ ಮರೆಯಲ್ಲಿ ಅಡಗಿದ್ದ ತಪ್ಪು ಕಲ್ಪನೆ ಶಿಕ್ಷಕರ ಕಣ್ಣಿಗೆ ಬೀಳುತ್ತದೆ. ತಿದ್ದಬೇಕಾದ ಜಾಗವೂ ಗೊತ್ತಾಗುತ್ತದೆ.

ನಕ್ಷೆಗೆ ವಿಷಯಗಳ ಬೇಲಿಯೂ ಇಲ್ಲ. ಮುಂಗಾರಿನಿಂದ ಬೆಳೆಗೆ, ಬೆಳೆಯಿಂದ ಪೇಟೆ ಧಾರಣೆಗೆ ಗೆರೆ ಎಳೆದರೆ ಭೂಗೋಳ ಅರ್ಥಶಾಸ್ತ್ರಕ್ಕೆ ತಾಗುತ್ತದೆ. ಇಂಥ ಅಡ್ಡ ಕೊಂಡಿಗಳಲ್ಲಿ ನೊವಾಕ್ ಸೃಜನಶೀಲತೆಯ ಗುರುತು ಕಂಡರು.

ಹನ್ನೆರಡು ವರ್ಷಗಳ ಅಧ್ಯಯನದ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಎಳವೆಯಲ್ಲೇ ಆ ಪಾಠಗಳನ್ನು ಕಲಿತಿದ್ದವರಲ್ಲಿ, ಕಲಿಯದವರಿಗಿಂತ ತಪ್ಪು ಕಲ್ಪನೆಗಳು ಕಡಿಮೆಯಿದ್ದವು. ಅಷ್ಟರಲ್ಲಿ ನೊವಾಕ್ ಅವರು ಬಾಬ್ ಗೋವಿನ್ ಜತೆ 1984ರಲ್ಲಿ ಹೊರತಂದ ಪುಸ್ತಕದ ಮೂಲಕ, ಸಂಶೋಧಕರ ಈ ಸಾಧನ ತರಗತಿಗಳಿಗೂ ಕಾಲಿಟ್ಟಿತ್ತು.

ಆದರೆ ಗೈಡಿನಲ್ಲಿ ಅಚ್ಚಾದ ಸಿದ್ಧ ನಕ್ಷೆಯನ್ನು ಉರು ಹೊಡೆದರೆ ಅದೂ ಬಾಯಿಪಾಠವೇ. ಗೆರೆಯ ಮೇಲಿನ ಪದವನ್ನು ಮಗು ತಾನೇ ಹುಡುಕಿ, ಬರೆದು, ಅಳಿಸಿ, ಮತ್ತೆ ಬರೆಯಬೇಕು. ಕಲಿಕೆ ನಡೆಯುವುದು ಆ ಹುಡುಕಾಟದಲ್ಲಿ.