ಮ್ಯಾಗ್ನಪಿನ್ನಾ: ಕ್ಯಾಮೆರಾಗೆ ಮಾತ್ರ ಸಿಕ್ಕ ಆಳಸಮುದ್ರದ ಸ್ಕ್ವಿಡ್

ಮ್ಯಾಗ್ನಪಿನ್ನಾ ಎಂಬುದು ಆಳಸಮುದ್ರದ ಸ್ಕ್ವಿಡ್‌ಗಳ ಒಂದು ಕುಲ. ದೇಹಕ್ಕೆ ಹೋಲಿಸಿದರೆ ಬಲು ದೊಡ್ಡದಾದ ಈಜುರೆಕ್ಕೆಗಳೇ ಈ ಹೆಸರಿಗೆ ಕಾರಣ. ಮೈಕೆಲ್ ವೆಕಿಯೋನ್ ಮತ್ತು ರಿಚರ್ಡ್ ಯಂಗ್ 1998ರಲ್ಲಿ ಈ ಕುಲವನ್ನು ಹೆಸರಿಸಿದರು.

ಇದರಲ್ಲಿ ಮೂರು ಪ್ರಭೇದಗಳಿಗೆ ಹೆಸರಿಡಲಾಗಿದೆ: ಟಾಲಿಸ್ಮಾನಿ (1907), ಪೆಸಿಫಿಕಾ (1998) ಹಾಗೂ ಅಟ್ಲಾಂಟಿಕಾ (2006). ಮೂರನ್ನೂ ವಿವರಿಸಲು ಆಧಾರವಾದುದು ಬೆರಳೆಣಿಕೆಯ ಮರಿಗಳು ಮತ್ತು ಹಾನಿಗೊಂಡ ಮಾದರಿಗಳು.

ಬೆಳೆದ ಸ್ಕ್ವಿಡ್‌ಗಳು ಗೋಚರಿಸಿರುವುದು ಜಲಾಂತರ್ಗಾಮಿ ವಾಹನಗಳ ಕ್ಯಾಮೆರಾಗಳಿಗೆ ಮಾತ್ರ. ದೇಹದ ಹಲವು ಪಟ್ಟು ಉದ್ದದ, ದಾರದಂಥ ಹತ್ತು ತೋಳುಗಳು ಮೊಣಕೈಯಂತೆ ಬಾಗಿ ಕೆಳಕ್ಕೆ ಇಳಿಬಿದ್ದಿರುತ್ತವೆ. 2007ರಲ್ಲಿ ಮೆಕ್ಸಿಕೊ ಕೊಲ್ಲಿಯ ತೈಲಬಾವಿಯೊಂದರ ಬಳಿ ಸೆರೆಯಾದ ದೃಶ್ಯ ಪ್ರಸಿದ್ಧವಾಗಿದೆ. 2021ರಲ್ಲಿ ಫಿಲಿಪ್ಪೀನ್ಸ್ ಕಂದಕದ 6,212 ಮೀಟರ್ ಆಳದಲ್ಲಿ ಮರಿಯೊಂದು ಕಾಣಿಸಿಕೊಂಡಿತು. ಅಷ್ಟು ಆಳದಲ್ಲಿ ಅದುವರೆಗೆ ಯಾವುದೇ ಸ್ಕ್ವಿಡ್ ಕಂಡಿರಲಿಲ್ಲ.

ಚಿತ್ರದಲ್ಲಿರುವ ಜೀವಿ ಯಾವ ಪ್ರಭೇದದ್ದು ಎಂದು ನಿರ್ಧರಿಸಲು ಚಿತ್ರವಷ್ಟೇ ಸಾಲದು, ಮಾದರಿಯೂ ಬೇಕು.