ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳು

ಪೂರ್ವ ಪಾಕಿಸ್ತಾನದಿಂದ (ಇಂದಿನ ಬಾಂಗ್ಲಾದೇಶ) ಬಂದ ಬಂಗಾಳಿ ಹಿಂದೂ ನಿರಾಶ್ರಿತರಿಗೂ ಬರ್ಮಾದಿಂದ ಮರಳಿದ ಭಾರತೀಯ ಮೂಲದವರಿಗೂ ಭಾರತ ಸರ್ಕಾರವು 1970ರ ದಶಕದ ಆರಂಭದಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಏರ್ಪಡಿಸಿದ ಐದು ವಸತಿಗಳು. ಪುನರ್ವಸತಿಯ ಇಂಗ್ಲಿಷ್ ಹೆಸರಿನಿಂದ ‘ಆರ್‌ಎಚ್’ ಎಂಬ ಅಕ್ಷರಗಳು ಬಂದವು. ಜನ ಇಂದಿಗೂ ಅಂಕಿ ಹಿಡಿದೇ ಇವುಗಳನ್ನು ಕರೆಯುತ್ತಾರೆ: ಆರ್‌ಎಚ್ ಒಂದು, ಆರ್‌ಎಚ್ ಎರಡು.

ನಿರಾಶ್ರಿತರ ವಲಸೆ ದೇಶವಿಭಜನೆಯೊಂದಿಗೇ ಶುರುವಾಗಿತ್ತು. 1964ರ ಜನವರಿಯಲ್ಲಿ ಪೂರ್ವ ಪಾಕಿಸ್ತಾನದಲ್ಲಿ ನಡೆದ ಕೋಮುಗಲಭೆಗಳ ಬಳಿಕ ಅದು ಮತ್ತೆ ಪ್ರವಾಹವಾಯಿತು. ಪಶ್ಚಿಮ ಬಂಗಾಳದಲ್ಲಿ ಇನ್ನು ಜಾಗವಿಲ್ಲವೆಂದು, 1964ರ ಜನವರಿ 1ರಿಂದ 1971ರ ಮಾರ್ಚ್ 25ರವರೆಗೆ ಬಂದವರಿಗೆ ಆ ರಾಜ್ಯದ ಹೊರಗೆ ಮಾತ್ರ ಪುನರ್ವಸತಿ ಎಂದು ಕೇಂದ್ರ ನಿರ್ಧರಿಸಿತು. ರಾಯಪುರದ ಬಳಿಯ ಮಾನಾ ಶಿಬಿರದಂಥ ತಾತ್ಕಾಲಿಕ ನೆಲೆಗಳಲ್ಲಿ ವರ್ಷಗಟ್ಟಲೆ ಕಾದವರನ್ನು ದಂಡಕಾರಣ್ಯ, ಚಾಂದಾ, ಬೈತೂಲ್ ಮುಂತಾದ ಕಡೆ ಹಂಚಲಾಯಿತು. ಸಿಂಧನೂರು ಕೂಡ ಆ ಪಟ್ಟಿಯಲ್ಲಿತ್ತು. ಬರ್ಮಾದವರ ಕಥೆ ಬೇರೆ. 1962ರಲ್ಲಿ ನೆ ವಿನ್ ಸೇನಾಡಳಿತ ಬಂದು ಅಂಗಡಿ, ವ್ಯಾಪಾರಗಳನ್ನು ರಾಷ್ಟ್ರೀಕರಿಸಿದಾಗ ತಲೆಮಾರುಗಳಿಂದ ಅಲ್ಲಿ ಬಾಳಿದ್ದ ಲಕ್ಷಾಂತರ ಭಾರತೀಯರು ಕೈಗೆ ಸಿಕ್ಕಷ್ಟು ಹಿಡಿದು ಹಡಗು ಹತ್ತಬೇಕಾಯಿತು. 2023ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಗಡೀಪಾರು ಆದೇಶ ಹೊರಬಿದ್ದ ಮೇಲೆ ತೋರ್ಖಮ್ ಗಡಿ ದಾಟಿದ ಆಫ್ಗನ್ನರ ಪಾಡನ್ನು ಇದಕ್ಕೆ ಹೋಲಿಸಬಹುದು: ಎರಡು ಸಂದರ್ಭಗಳಲ್ಲೂ ಎಷ್ಟೋ ಜನ ‘ಮರಳಿದ್ದು’ ತಾವು ಕಂಡೇ ಇರದ ನಾಡಿಗೆ.

ಸಿಂಧನೂರನ್ನು ಆರಿಸಿದ್ದರ ಹಿಂದೆ ನೀರಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತ ಮೇಲೆ ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ, ರಾಯಚೂರು ಕಡೆಗೆ ಹರಿಯಿತು. ಬಿಳಿಜೋಳ, ಹತ್ತಿ ಬೆಳೆಯುತ್ತಿದ್ದ ಎರೆಭೂಮಿ ಭತ್ತದ ಗದ್ದೆಯಾಯಿತು. ಕರಾವಳಿ ಆಂಧ್ರದ ರೈತರು ಬಂದು ಜಮೀನು ಕೊಂಡು ಊರು ಕಟ್ಟಿದರು. ಅವರ ಊರುಗಳಿಗೂ ಕ್ಯಾಂಪ್ ಎಂದೇ ಹೆಸರು. ಅದೇ ಜಿಲ್ಲೆಯ ದೇವದುರ್ಗಕ್ಕೆ ಆಗಿನ್ನೂ ಕಾಲುವೆ ಬಂದಿರಲಿಲ್ಲ. ಅಲ್ಲಿಗೆ ನೀರು ಕೊಡುವ ಕೃಷ್ಣೆಯ ನಾರಾಯಣಪುರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಭತ್ತ, ಮೀನು ಬಲ್ಲ ಬಂಗಾಳದ ರೈತರಿಗೆ ದಂಡಕಾರಣ್ಯದ ಕಲ್ಲುನೆಲಕ್ಕಿಂತ ಈ ನೀರಾವರಿ ಸೀಮೆ ಹೆಚ್ಚು ಒಗ್ಗುವಂಥದು. ಮನೆಯ ಜೊತೆಗೆ ಉಳುಮೆಗೆ ಜಮೀನನ್ನೂ ಕೊಟ್ಟದ್ದು ಈ ಯೋಜನೆಯ ಗಟ್ಟಿ ಅಂಶ. ಮಾನಾದಿಂದ ಬಂದವರಿಗೆ ಅದು ದೊಡ್ಡ ಆಸರೆ. ಆದರೆ ಮಕ್ಕಳು, ಮೊಮ್ಮಕ್ಕಳ ಕಾಲಕ್ಕೆ ಹಿಸ್ಸೆಯಾಗುತ್ತಾ ಹಿಡುವಳಿಗಳು ಚಿಕ್ಕವಾಗಿವೆ.

ಮನೆಮಾತು ಬಂಗಾಳಿ, ಶಾಲೆಯ ಮಾತು ಕನ್ನಡ. ಶರನ್ನವರಾತ್ರಿಯಲ್ಲಿ ಕ್ಯಾಂಪುಗಳಲ್ಲಿ ದುರ್ಗಾಪೂಜೆ ನಡೆಯುತ್ತದೆ. ಮಣ್ಣಿನ ಪ್ರತಿಮೆ ನೋಡಲು ಸುತ್ತಲಿನ ಹಳ್ಳಿಗಳವರೂ ಬರುತ್ತಾರೆ.

ನೆಲ ಕೊಟ್ಟ ಸರ್ಕಾರ ಪೌರತ್ವದ ಪ್ರಶ್ನೆಯನ್ನು ಬಗೆಹರಿಸದೆ ಬಿಟ್ಟಿತು, ಮತ್ತು ಯೋಜನೆಯ ದೊಡ್ಡ ಅನ್ಯಾಯ ಅದೇ. ಮತದಾನದ ಹಕ್ಕು, ಪಡಿತರ ಚೀಟಿ ಸಿಕ್ಕವರಲ್ಲೂ ಹಲವರ ಕೈಯಲ್ಲಿ ಪೌರತ್ವದ ಪ್ರಮಾಣಪತ್ರವಿರಲಿಲ್ಲ. ಮೊದಲ ತಂಡದ ಬಳಿಕ ಬಂಧುಗಳನ್ನು ಸೇರಿಕೊಂಡವರ ಸ್ಥಿತಿ ಇನ್ನೂ ಕಷ್ಟ. ಪೌರತ್ವ ಕಾಯ್ದೆಯ 2003ರ ತಿದ್ದುಪಡಿಯು ದಾಖಲೆಯಿಲ್ಲದೆ ಬಂದವರನ್ನು ಅಕ್ರಮ ವಲಸಿಗರೆಂದು ಗುರುತಿಸಿ ನೋಂದಣಿಯ ದಾರಿಯನ್ನು ಮುಚ್ಚಿತು. ಅವರ ಮಕ್ಕಳ ಹಕ್ಕನ್ನೂ ಮೊಟಕುಗೊಳಿಸಿತು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯು 2014ರ ಡಿಸೆಂಬರ್ 31ರೊಳಗೆ ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಗಾನಿಸ್ತಾನಗಳಿಂದ ಬಂದ ಮುಸ್ಲಿಮೇತರ ಆರು ಧರ್ಮಗಳವರಿಗೆ ದಾರಿ ತೆರೆಯಿತು. ಧರ್ಮದ ಆಧಾರದ ಈ ವಿಂಗಡಣೆ ದೇಶದಾದ್ಯಂತ ವಿರೋಧಕ್ಕೂ ಗುರಿಯಾಯಿತು. ನಿಯಮಗಳು 2024ರ ಮಾರ್ಚ್ 11ರಂದು ಪ್ರಕಟವಾದವು. ಅರ್ಜಿಗಳ ಜಿಲ್ಲಾಮಟ್ಟದ ಪರಿಶೀಲನೆ ಅಂಚೆ ಅಧೀಕ್ಷಕರ ಪಾಲಿಗೆ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಸಿಂಧನೂರಿನ ಕ್ಯಾಂಪುಗಳ ಕೆಲವರಿಗೆ ಪೌರತ್ವ ದೊರೆಯಿತು.

ಜಾತಿ ಪ್ರಮಾಣಪತ್ರದ ಬೇಡಿಕೆಯೂ ಹಳೆಯದು. ಇಲ್ಲಿನ ಬಂಗಾಳಿಗಳಲ್ಲಿ ಬಹಳಷ್ಟು ಮಂದಿ ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಆ ಸಮುದಾಯ ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಪಟ್ಟಿ ರಾಜ್ಯವಾರು ಇರುವುದರಿಂದಲೂ ಸಂವಿಧಾನದ 341ನೇ ವಿಧಿಯಂತೆ ಅದನ್ನು ಬದಲಿಸಲು ಸಂಸತ್ತಿನ ಕಾಯ್ದೆಯೇ ಬೇಕಿರುವುದರಿಂದಲೂ ಈ ಬೇಡಿಕೆ ರಾಯಚೂರಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ತೀರುವಂಥದಲ್ಲ.