ಮುಕ್ತಪಾಠಗಳ ವಿದ್ಯಾರ್ಥಿವರ್ಗ

ಕುಮಟಾ ಸೀಮೆಯ ಹೊಳನಗದ್ದೆಯಂತಹ ಊರುಗಳಿಗೆ ಉನ್ನತ ವ್ಯಾಸಂಗವು ಬಹುಕಾಲ ದೂರದ ಮಾತಾಗಿದ್ದಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆಯ ಮೂಲಕ ಪಾಠಗಳನ್ನು ಕಳುಹಿಸತೊಡಗಿತು. 1996ರಲ್ಲಿ ಆ ಶಾಖೆಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. 2017ರಲ್ಲಿ ಭಾರತ ಸರ್ಕಾರದ ‘ಸ್ವಯಂ’ ಅಂತರ್ಜಾಲದಲ್ಲಿಯೇ ಪಾಠಗಳನ್ನು ತೆರೆದಿಟ್ಟಿತು. ಬಾಗಿಲು ತೆರೆದುದೇನೋ ದಿಟ. ಒಳಹೊಕ್ಕವರು ಯಾರು, ಏತಕ್ಕಾಗಿ?

ಹಾರ್ವರ್ಡ್ ಮತ್ತು ಎಂ.ಐ.ಟಿ. ವಿದ್ವಾಂಸರು 2014ರಲ್ಲಿ ಪ್ರಕಟಿಸಿದ ವರದಿಯಂತೆ, 17 ಪಾಠಕ್ರಮಗಳಿಗೆ 8,41,687 ನೋಂದಣಿಗಳಾದುವು. ಅವುಗಳಿಂದ ದೊರೆತ ಪ್ರಮಾಣಪತ್ರಗಳು 43,196 ಮಾತ್ರ. ಇದನ್ನು ಸೋಲೆಂದು ಬಗೆದವರುಂಟು. ಅದು ಆತುರದ ತೀರ್ಪು. ಅವರದೇ 2015ರ ವರದಿಯಲ್ಲಿ, ಪ್ರಶ್ನೆಗೆ ಉತ್ತರವಿತ್ತವರಲ್ಲಿ ನೂರಕ್ಕೆ 57 ಮಂದಿ ಮಾತ್ರ ಪ್ರಮಾಣಪತ್ರವನ್ನು ಬಯಸಿದ್ದರು. ಮತ್ತೊಂದು ವಿಚಾರಣೆಯಲ್ಲಿ ನೂರಕ್ಕೆ 39 ಮಂದಿ ಹಿಂದೆ ಅಥವಾ ಆಗ ಉಪಾಧ್ಯಾಯರಾಗಿದ್ದವರು! ತನ್ನ ತರಗತಿಗೆ ಬೇಕಾದ ಒಂದೇ ಅಧ್ಯಾಯವನ್ನು ಓದಿ ಹೊರಟ ಉಪಾಧ್ಯಾಯನನ್ನು ವ್ಯಾಸಂಗಭ್ರಷ್ಟನೆಂದು ಎಣಿಸುವುದು ನ್ಯಾಯವೇ?

ಕೊರತೆ ಬೇರೆಡೆ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಪಾಠಗಳನ್ನು ಕುರಿತ 2013ರ ಪರಿಶೀಲನೆಯಲ್ಲಿ, ಭಾರತವೂ ಸೇರಿದ ಐದು ದೇಶಗಳ ಕಲಿಕೆಗಾರರಲ್ಲಿ ನೂರಕ್ಕೆ 80ರಷ್ಟು ಮಂದಿ ಧನವಿದ್ಯೆಗಳಲ್ಲಿ ಅಗ್ರರಾದ ನೂರಕ್ಕೆ ಆರರಷ್ಟು ಜನರಿಂದಲೇ ಬಂದವರು. ಹೊಳನಗದ್ದೆಯಂತಹ ಊರಿನ ಪದವಿಯಿಲ್ಲದ ತರುಣನಿಗೆ ಆ ಗುಂಪಿನಲ್ಲಿ ಎಡೆಯಿರಲಿಲ್ಲ.